ಕೆಳಗೆ ಕಳಿಸಿದ ಮೇಲೆ

ನಾನು ಬೇಸ್‌ಬಾಲ್ ಬಗ್ಗೆ ಬರೆಯುತ್ತಿದ್ದೇನೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕಾರು. ಕ್ರಿಕೆಟ್ಟಿನಲ್ಲೇ ಆಫ್ ಯಾವುದು, ಲೆಗ್ ಯಾವುದು ಎಂದು ತಡವರಿಸುವ ಮೇಡಂಗೆ ಅಮೆರಿಕದ ಆಟದ ಉಸಾಬರಿ ಏಕೆ ಎಂದು ಕೇಳಿಯೂ ಕೇಳಿಯಾರು. ಒಂದು ಬೇಸಿಗೆ ರಜೆಯಲ್ಲಿ ಮಗಳ ಮನೆಯಲ್ಲಿದ್ದಾಗ ಅಳಿಯ ದಿನಾ ಸಂಜೆ ಟಿ.ವಿ.ಯಲ್ಲಿ ನೋಡುತ್ತಿದ್ದುದರಿಂದ ನನಗೂ ಅದು ಅಂಟಿಕೊಂಡಿತು. ಆಟಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಅಲ್ಲಿನವರ ಒಂದು ಮಾತು: “ಇವನನ್ನು ಕೆಳಗೆ ಕಳಿಸಬೇಕು.” ವರ್ಷಗಟ್ಟಲೆ ಮಕ್ಕಳನ್ನು ಪಾಸು-ಫೇಲು ಮಾಡುತ್ತಾ ಬಂದವಳಿಗೆ ಇಂಥ ಮಾತು ಕೇಳಿದರೆ ಕಿವಿ ನೆಟ್ಟಗಾಗದೆ ಇದ್ದೀತೆ?

ಆಟದ ವಿಷಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಮ್ಮ ಬೌಲರ್ ಇದ್ದ ಹಾಗೆ ಅಲ್ಲಿ ಪಿಚ್ಚರ್. ಅವನು ಓಡಿ ಬರುವುದಿಲ್ಲ. ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು, ಸುಮಾರು 18 ಮೀಟರ್ ಆಚೆ ಇರುವ ಬ್ಯಾಟುಗಾರನ ಕಡೆಗೆ ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಬೀಸಿ ಎಸೆಯುತ್ತಾನೆ. ವೇಗ ಗಂಟೆಗೆ 150 ಕಿಲೋಮೀಟರ್ ಆಸುಪಾಸು. ಅರ್ಧ ಸೆಕೆಂಡಿನೊಳಗೆ ಎಲ್ಲ ಮುಗಿದಿರುತ್ತದೆ. ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಎಷ್ಟು ರನ್ ಬಿಟ್ಟುಕೊಟ್ಟ ಎಂಬ ಲೆಕ್ಕವೇ ಅವನ ಮಾರ್ಕ್ಸ್ ಕಾರ್ಡು. ಜೊತೆಯವರ ತಪ್ಪಿನಿಂದ ಹೋದ ರನ್ನು ಇದರಲ್ಲಿ ಸೇರುವುದಿಲ್ಲ. ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಮೂರು-ನಾಲ್ಕರ ಒಳಗಿದ್ದರೆ ಮರ್ಯಾದೆ. ಆರು ದಾಟಿದರೆ ಮನೆಯವರಿಗೂ ಆತಂಕ.

ಮೇಜರ್ ಲೀಗ್ ಎಂಬ ಅಟ್ಟದ ಮೇಲೆ 30 ತಂಡಗಳಿವೆ. ಅದಕ್ಕೆ ಹತ್ತಲು ಟ್ರಿಪಲ್ ಎ, ಡಬಲ್ ಎ, ಸಿಂಗಲ್ ಎ ಎಂದು ಮೆಟ್ಟಿಲುಗಳು. ಕೆಳಗಿನ ಮೆಟ್ಟಿಲುಗಳೆಂದರೆ ಸಣ್ಣ ಊರು, ಸಣ್ಣ ಸಂಬಳ, ಬಸ್ಸಿನಲ್ಲಿ ನಿದ್ದೆ. ನಮ್ಮ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಇಬ್ಬರು ಹುಡುಗರು ಒಂದು ಎಸೆತದ ಸ್ಪರ್ಧೆಯಲ್ಲಿ ಮುಂದೆ ಬಂದು 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದೊಡನೆ ಒಪ್ಪಂದ ಮಾಡಿಕೊಂಡಿದ್ದರು. ಕ್ರಿಕೆಟ್ಟಿನ ರಿಂಕು ಸಿಂಗ್ ಬೇರೆ, ಇವನು ಬೇರೆ. ಅವರ ಕಥೆ 2014ರಲ್ಲಿ ಸಿನಿಮಾ ಕೂಡ ಆಯಿತು. ಆದರೂ ಇಬ್ಬರೂ ಅಟ್ಟ ಮುಟ್ಟಲಿಲ್ಲ. ಹತ್ತುವುದು ಅಷ್ಟು ಕಷ್ಟ. ಹತ್ತಿದವನನ್ನು ಇಳಿಸುವುದಕ್ಕೆ ಮಾತ್ರ ಮ್ಯಾನೇಜರನ ಒಂದು ಮಾತು ಸಾಕು.

ಹಾಗೆ ಇಳಿದವರಲ್ಲಿ ರಾಯ್ ಹ್ಯಾಲಡೇ ಒಬ್ಬ. ಆರಡಿ ಆರಂಗುಲದ ಆಳು. 1998ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ ಟೊರಾಂಟೊ ಬ್ಲೂ ಜೇಸ್ ತಂಡಕ್ಕೆ ಬಂದ. ಆಟ ಶುರುಮಾಡಿದ ಎರಡನೇ ಪಂದ್ಯದಲ್ಲೇ ಒಂದು ಹಿಟ್ಟೂ ಕೊಡದೆ ಮುಗಿಸುವ ಹಂತಕ್ಕೆ ಬಂದಿದ್ದ. ಇನ್ನೊಬ್ಬನನ್ನು ಔಟ್ ಮಾಡುವುದಷ್ಟೇ ಬಾಕಿ ಇದ್ದಾಗ ಹೋಂ ರನ್ ಹೊಡೆಸಿಕೊಂಡ. ಆದರೂ ಹುಡುಗ ಗಟ್ಟಿ ಎಂದು ಎಲ್ಲರೂ ಹೇಳಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಏನಾಯಿತೋ, 2000ನೇ ಇಸವಿಯಲ್ಲಿ ಅವನ ಅಂಕ 10.64ಕ್ಕೆ ಹೋಯಿತು. ಒಂದು ಋತುವಿನಲ್ಲಿ 50 ಇನ್ನಿಂಗ್ಸಾದರೂ ಎಸೆದವರ ಪೈಕಿ ಮೇಜರ್ ಲೀಗಿನ ಚರಿತ್ರೆಯಲ್ಲೇ ಇದಕ್ಕಿಂತ ಕೆಟ್ಟ ಅಂಕ ಇನ್ನೊಂದಿಲ್ಲ. ಇವನು ಇಲ್ಲಿರಲು ಲಾಯಕ್ಕೇ ಎಂಬ ಪ್ರಶ್ನೆ ಏಳದೆ ಇರುತ್ತದೆಯೆ?

2001ರ ವಸಂತದಲ್ಲಿ ಅವನನ್ನು ಕೆಳಗೆ ಕಳಿಸಿದರು. ಒಂದು ಮೆಟ್ಟಿಲಲ್ಲ, ಫ್ಲಾರಿಡಾದ ಡನೀಡಿನ್ ಎಂಬ ಊರಿನ ಸಿಂಗಲ್ ಎ ತಂಡಕ್ಕೆ. ಎಸ್ಸೆಸ್ಸೆಲ್ಸಿ ಹುಡುಗನನ್ನು ಕರೆದು “ನಾಳೆಯಿಂದ ಐದನೇ ಕ್ಲಾಸಿನಲ್ಲಿ ಕೂತುಕೋ” ಎಂದ ಹಾಗೆ. ಮದುವೆಯಾಗಿದ್ದ, ಇಪ್ಪತ್ಮೂರು ವರ್ಷದ ಗಂಡಸಿಗೆ ಹೇಗಾಗಿರಬೇಡ!

ಇಲ್ಲಿಂದ ಮುಂದಿನದು ನನಗೆ ಮುಖ್ಯ. ಕಳಿಸಿದವರು ಕಳಿಸಿ ಸುಮ್ಮನಾಗಲಿಲ್ಲ. ಮೆಲ್ ಕ್ವೀನ್ ಎಂಬ ಹಿರಿಯ ಕೋಚ್ ಅವನ ಜೊತೆ ಕೂತರು. ಅವರ ಬಾಯಿ ಬಹಳ ಖಾರ; ಮೊದಲು ಚೆನ್ನಾಗಿ ಬೈದರಂತೆ. ಆಮೇಲೆ ರೋಗ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದರು. ಹ್ಯಾಲಡೇ ಕೈಯನ್ನು ತಲೆಯ ಮೇಲಿಂದ ನೆಟ್ಟಗೆ ತಂದು ಎಸೆಯುತ್ತಿದ್ದ. ವೇಗಕ್ಕೆ ಕೊರತೆಯಿರಲಿಲ್ಲ, ಆದರೆ ಚೆಂಡು ದಾರ ಹಿಡಿದಂತೆ ನೇರ ಬರುತ್ತಿತ್ತು. ಹೊಡೆಯುವವನಿಗೆ ಎಲ್ಲವೂ ಕಾಣುತ್ತಿತ್ತು. ಕ್ವೀನ್ ಅವನ ಕೈಯನ್ನು ಪಕ್ಕಕ್ಕೆ ತಗ್ಗಿಸಿದರು, ಬೆರಳು ಹಿಡಿಯುವ ರೀತಿ ಬದಲಿಸಿದರು. ಚೆಂಡು ಕೊನೆಯ ಗಳಿಗೆಯಲ್ಲಿ ಕೆಳಕ್ಕೋ ಪಕ್ಕಕ್ಕೋ ಜಾರತೊಡಗಿತು. ‘ನಿನಗೆ ಬರುವುದಿಲ್ಲ’ ಎಂದು ಹೇಳಲು ಯಾರೂ ಸಾಕು. ‘ನಿನ್ನ ಕೈ ಇಷ್ಟು ಮೇಲೆ ಬರುತ್ತಿದೆ’ ಎಂದು ಹೇಳುವುದಕ್ಕೆ ಮಾತ್ರ ಮೇಷ್ಟ್ರೇ ಬೇಕು.

ಇನ್ನೊಬ್ಬರು ಅವನ ಹೆಂಡತಿ. ಗಂಡ ಕುಗ್ಗಿಹೋಗಿದ್ದನ್ನು ನೋಡಿ, ಆ ದಿನಗಳಲ್ಲಿ ಪುಸ್ತಕದ ಅಂಗಡಿಯಿಂದ ಒಂದು ಪುಸ್ತಕ ತಂದುಕೊಟ್ಟರು. ಎಸೆಯುವವನ ಮನಸ್ಸಿನ ಬಗ್ಗೆ ಹಾರ್ವಿ ಡಾರ್ಫ್‌ಮನ್ ಬರೆದದ್ದು. ಹ್ಯಾಲಡೇ ಅದನ್ನು ಮತ್ತೆ ಮತ್ತೆ ಓದಿದ, ಮುಂದೆ ಅವರ ಶಿಷ್ಯನೂ ಆದ. ಈ ಡಾರ್ಫ್‌ಮನ್ ಬೇಸ್‌ಬಾಲಿಗೆ ಬರುವ ಮೊದಲು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದರು ಎಂದು ತಿಳಿದಾಗ ನನಗೆ ಒಳಗೊಳಗೇ ಹೆಮ್ಮೆಯಾಯಿತು, ನಮ್ಮ ಸಂಬಂಧಿಕರೇ ಎನ್ನುವ ಹಾಗೆ.

ಒಂದೊಂದೇ ಮೆಟ್ಟಿಲು ಹತ್ತಿ ಅದೇ ವರ್ಷದ ಜುಲೈಗೆ ಹ್ಯಾಲಡೇ ಟೊರಾಂಟೊಗೆ ಮರಳಿದ. ಮುಂದಿನ ವರ್ಷ 19 ಪಂದ್ಯ ಗೆದ್ದ. 2003ರಲ್ಲಿ 22 ಗೆದ್ದು, ಪಿಚ್ಚರನಿಗೆ ಸಿಗುವ ದೊಡ್ಡ ಗೌರವವಾದ ಸೈ ಯಂಗ್ ಪ್ರಶಸ್ತಿ ಪಡೆದ. 2010ರ ಮೇ 29ರಂದು ಫಿಲಡೆಲ್ಫಿಯಾ ತಂಡಕ್ಕಾಗಿ ಎದುರಾಳಿಗಳಲ್ಲಿ ಒಬ್ಬನನ್ನೂ ಮೊದಲ ಬೇಸ್ ಮುಟ್ಟಲು ಬಿಡದೆ ಪಂದ್ಯ ಮುಗಿಸಿದ. ಆ ದಿನದ ನೆನಪಿಗೆಂದು ಜೊತೆಯವರಿಗೆಲ್ಲ, ‘ಎಲ್ಲರೂ ಸೇರಿ ಮಾಡಿದ್ದು’ ಎಂಬರ್ಥದ ಮಾತು ಕೆತ್ತಿಸಿದ ಕೈಗಡಿಯಾರ ಕೊಟ್ಟನಂತೆ. ಆ ವರ್ಷ ಎರಡನೆಯ ಸಲ ಸೈ ಯಂಗ್ ಬಂತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಪ್ರಾರ್ಥನೆ ವೇಳೆ ಮಕ್ಕಳಿಗೆ ಹೇಳುವ ನೀತಿಕಥೆಯಾಗುತ್ತಿತ್ತು. ಆದರೆ ಸ್ಟೀವ್ ಬ್ಲಾಸ್ ಎಂಬಾತನ ಕಥೆಯೂ ಇದೆಯಲ್ಲ. ಆತ ಪಿಟ್ಸ್‌ಬರ್ಗಿನ ಪಿಚ್ಚರ್. 1971ರ ವರ್ಲ್ಡ್ ಸೀರೀಸ್‌ನಲ್ಲಿ ಎರಡು ಪಂದ್ಯ ಗೆಲ್ಲಿಸಿದಾತ, ಕೊನೆಯ ನಿರ್ಣಾಯಕ ಪಂದ್ಯವೂ ಅದರಲ್ಲಿ ಒಂದು. 1972ರಲ್ಲಿ 19 ಗೆಲುವು. 1973ರಲ್ಲಿ ಇದ್ದಕ್ಕಿದ್ದಂತೆ ಚೆಂಡು ಗುರಿಗೆ ಹೋಗುವುದೇ ನಿಂತಿತು. ಕೈಗೆ ನೋವಿಲ್ಲ, ಗಾಯವಿಲ್ಲ. ಅಂಕ 9.85. ಆತನನ್ನೂ ಕೆಳಗೆ ಕಳಿಸಿದರು, ಹೇಳಿಕೊಟ್ಟರು, ಕಾದರು. ಕಂಡಕಂಡವರು ಹೇಳಿದ ಉಪಾಯಗಳನ್ನೆಲ್ಲ ಆತ ಮಾಡಿ ನೋಡಿದ. ಹೋದದ್ದು ಮರಳಲಿಲ್ಲ. 1975ರಲ್ಲಿ ಆಟ ಬಿಟ್ಟ. ಇವತ್ತಿಗೂ ಕಾರಣವಿಲ್ಲದೆ ಗುರಿ ತಪ್ಪುವುದಕ್ಕೆ ಅಲ್ಲಿಯವರು ಆತನ ಹೆಸರನ್ನೇ ಇಟ್ಟು ಕರೆಯುತ್ತಾರೆ, ರೋಗಕ್ಕೆ ಹೆಸರಿಟ್ಟ ಹಾಗೆ. ಆದರೆ ಬ್ಲಾಸ್ ಅದೇ ತಂಡದ ವೀಕ್ಷಕ ವಿವರಣೆಕಾರನಾಗಿ 2019ರವರೆಗೆ ನಗುನಗುತ್ತಾ ಮಾತಾಡಿದ, ತನ್ನ ಸೋಲಿನ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡ.

ಗೆದ್ದವನ ಕಥೆಯ ಕೊನೆಯೂ ಸಿಹಿಯಲ್ಲ. 2017ರ ನವೆಂಬರಿನಲ್ಲಿ ಹ್ಯಾಲಡೇ ತಾನೇ ನಡೆಸುತ್ತಿದ್ದ ಸಣ್ಣ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡ. ನಲವತ್ತೇ ವರ್ಷ. ಆಟದ ದಿನಗಳ ಬೆನ್ನುನೋವು, ನೋವಿನ ಮಾತ್ರೆಗಳ ಚಟ, ಬಿಡದ ಕಳವಳ, ಎಲ್ಲದರ ಬಗ್ಗೆ ಆಮೇಲೆ ಅವನ ಹೆಂಡತಿಯೇ ಮಾತಾಡಿದರು. 2019ರಲ್ಲಿ ಬೇಸ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಸೇರಿದಾಗ ವೇದಿಕೆ ಹತ್ತಿದವರೂ ಅವರೇ. ಅಟ್ಟದ ಮೇಲೆ ಜಾಗ ಸಿಕ್ಕಿತೆಂದ ಮಾತ್ರಕ್ಕೆ ಮನಸ್ಸಿನ ನಡುಕ ನಿಲ್ಲುವುದಿಲ್ಲ ಎಂದಾಯಿತು.

ಹಾಗಾದರೆ ಲಾಯಕ್ಕೋ ಅಲ್ಲವೋ ಎಂಬ ಪ್ರಶ್ನೆಗೆ ಏನು ಉತ್ತರ? ಪಂದ್ಯ ಗೆಲ್ಲಬೇಕಾದ ತಂಡ ಸೋಲುತ್ತಿರುವವನ ಕೈಗೇ ದಿನಾ ಚೆಂಡು ಕೊಡಲಾಗದು. ಅವನನ್ನು ಅಲ್ಲೇ ನಿಲ್ಲಿಸಿ ಸಾವಿರಾರು ಜನರೆದುರು ಹೊಡೆಸುವುದು ದಯೆಯೂ ಅಲ್ಲ. ಕೆಳಗೆ ಕಳಿಸಿದ್ದು ತಪ್ಪೆಂದು ನನಗನಿಸುವುದಿಲ್ಲ. ಆದರೆ 10.64 ಎನ್ನುವುದು ಆ ವರ್ಷದ ಎಸೆತದ ಲೆಕ್ಕ, ಆ ಹುಡುಗನ ಲೆಕ್ಕವಲ್ಲ. ಅವನು ಮರಳಿ ಬರುತ್ತಾನೋ ಬ್ಲಾಸ್‌ನಂತೆ ಹೊರಗೇ ಉಳಿಯುತ್ತಾನೋ ಎಂಬುದು ಆ ಅಂಕಿಯಲ್ಲಿ ಎಲ್ಲೂ ಬರೆದಿರಲಿಲ್ಲ. ಜೊತೆಗೆ ಕೂತು ನೋಡಿದ ಮೇಲೆಯೇ ಗೊತ್ತಾದದ್ದು.

ನಮ್ಮಲ್ಲಿ ಎಂಟನೆಯವರೆಗೆ ಯಾರನ್ನೂ ಹಿಂದೆ ನಿಲ್ಲಿಸಬಾರದೆಂಬ ಕಾನೂನು 2010ರಲ್ಲಿ ಜಾರಿಗೆ ಬಂತು. 2019ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಐದು ಮತ್ತು ಎಂಟನೆಯಲ್ಲಿ ನಿಲ್ಲಿಸುವ ಅವಕಾಶ ರಾಜ್ಯಗಳಿಗೆ ಸಿಕ್ಕಿತು. ಮೇಲೆ ತಳ್ಳಬೇಕೋ ಕೆಳಗೆ ನಿಲ್ಲಿಸಬೇಕೋ ಎಂದು ಚರ್ಚೆ ನಡೆದೇ ಇದೆ. ಮೇಲೆ ಹೋದ ಮಗುವಿಗೂ ಕೆಳಗೆ ನಿಂತ ಮಗುವಿಗೂ ಪಕ್ಕದಲ್ಲಿ ಕೂರುವವರು ಯಾರು ಎಂಬ ಮಾತು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಹಿಂದುಳಿದ ಮಕ್ಕಳ ಪಟ್ಟಿ ಎಂದು ನಾವು ಪ್ರತಿ ವರ್ಷ ಗೆರೆ ಎಳೆದು ಬರೆಯುತ್ತೇವಲ್ಲ, ಅದರಲ್ಲಿ ಹೆಸರು, ಅಂಕ, ಷರಾ ಎಂದು ಮೂರು ಕಾಲಂ ಇರುತ್ತದೆ. ತೊಡಕು ನಿಖರವಾಗಿ ಎಲ್ಲಿದೆ ಎಂಬುದಕ್ಕೆ ಒಂದು, ಜೊತೆಗೆ ಯಾರು ಕೂರುತ್ತಾರೆ ಎಂಬುದಕ್ಕೆ ಇನ್ನೊಂದು ಗೆರೆ ಹೆಚ್ಚಿಗೆ ಎಳೆಯುವಷ್ಟು ಜಾಗ ಆ ಹಾಳೆಯಲ್ಲಿ ಇದ್ದೇ ಇದೆ.