ಬಾಡಿಗೆಯ ಮಾಳಿಗೆ

ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಬೀಳಗಿಯ ಸೀಮೆಯಲ್ಲಿ ಚೈತ್ರ ವೈಶಾಖಗಳ ಬಿಸಿಲು ಬಲು ಕಠಿಣವಾದದ್ದು. ಹಿಂದಿನವರು ಅದನ್ನರಿತೇ ಮನೆ ಕಟ್ಟುತ್ತಿದ್ದರು: ಕಲ್ಲುಮಣ್ಣಿನ ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣಿನ ಮೇಲ್ಮುದ್ದೆ, ನಡುವೆ ಒಂದು ಬೆಳಕಿಂಡಿ. ಹಗಲಿನ ಕಾವು ಆ ಮಣ್ಣನ್ನು ದಾಟಿ ಒಳಗಿಳಿಯುವಷ್ಟರಲ್ಲಿ ಸಂಜೆಯ ಗಾಳಿ ಬೀಸತೊಡಗುವದು. ಅಂಥ ಮನೆಯ ಒಂದು ಖೋಲಿಯನ್ನು ಬಾಡಿಗೆಗೆ ಕೊಟ್ಟರೂ ಮಾಲಕನು ಅದೇ ಮಾಳಿಗೆಯ ಕೆಳಗೆ ಮಲಗುತ್ತಿದ್ದನು. ಸೋರಿದರೆ ಇಬ್ಬರಿಗೂ ಸೋರುತ್ತಿದ್ದಿತು.

ಈಗ ಬಾಡಿಗೆಗೆಂದೇ ಕಟ್ಟಿದ ಖೋಲಿಗಳ ಮೇಲೆ ಬರಿಯ ಸಿಮೆಂಟಿನ ಸ್ಲ್ಯಾಬು, ಇಲ್ಲವೆ ತಗಡು. ಹಗಲೆಲ್ಲ ಕುಡಿದ ಬಿಸಿಯನ್ನು ಸ್ಲ್ಯಾಬು ರಾತ್ರಿಯಲ್ಲಿ ಕಾರುವದು. ವರ್ಗವಾಗಿ ಬಂದ ಮಾಸ್ತರರು ಮಕ್ಕಳೊಡನೆ ಅದರ ಕೆಳಗೆ ಹೊರಳಾಡುವರು. ಕಟ್ಟಿದವನು ಅಲ್ಲಿರುವದಿಲ್ಲ, ಇರುವವನು ಕಟ್ಟುವಂತಿಲ್ಲ. ಮಾಲಕನು ಕೆಟ್ಟವನೆಂದಲ್ಲ, ಮಾಳಿಗೆಗೆ ವೆಚ್ಚ ಮಾಡಿದ ಹಣದ ಸುಖವು ತನ್ನದಲ್ಲವೆಂಬುದು ಆತನ ಲೆಕ್ಕ. ನಾಳೆ ಬಿಡಬೇಕಾದ ಮನೆಗೆ ತಾನೇಕೆ ದುಡ್ಡು ಸುರಿಯಬೇಕೆಂಬುದು ಬಾಡಿಗೆದಾರನ ಲೆಕ್ಕ. ಎರಡೂ ಲೆಕ್ಕಗಳು ಸರಿಯೇ. ಬೇಯುವವು ಮಾತ್ರ ಕೂಸುಗಳು.

2023 ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಬಾಡಿಗೆದಾರರ ಬಿಲ್ಲಿನ ಭಾರವನ್ನೂ ಇಳಿಸಿತು. ಆದರೆ ಪಂಖವು ತಿರುಗಿಸುವದು ಆ ಬಿಸಿಗಾಳಿಯನ್ನೇ. ಬಿಲ್ಲನ್ನು ಇಳಿಸುವದು ಬೇರೆ, ಮನೆಯನ್ನು ತಂಪಾಗಿಸುವದು ಬೇರೆ. ಎರಡನೆಯದಕ್ಕೆ ಮನೆಗೇ ಒಂದು ಮಟ್ಟವನ್ನು ಗೊತ್ತುಪಡಿಸಬೇಕು.

ಹಾಗೆ ಮಾಡಿದ ದೇಶಗಳುಂಟು. ಇಂಗ್ಲಂಡ ಹಾಗೂ ವೇಲ್ಸಗಳಲ್ಲಿ ಮನೆಗಳಿಗೆ ಶಾಖ ದೀಪಗಳ ಮಿತವ್ಯಯವನ್ನು ನೋಡಿ ‘ಎ’ಯಿಂದ ‘ಜಿ’ಯವರೆಗೆ ದರ್ಜೆ ಕೊಡುವರು. ‘ಇ’ಗಿಂತ ಕೆಳಗಿನ ಮನೆಯನ್ನು 2018 ರಿಂದ ಹೊಸದಾಗಿ ಬಾಡಿಗೆಗೆ ಕೊಡಲಾಗದು; 2020 ರಿಂದ ಹಳೆಯ ಬಾಡಿಗೆಗಳಿಗೂ, ಕೆಲವು ವಿನಾಯಿತಿಗಳ ಹೊರತು, ಅದೇ ನಿಯಮ. ಅಲ್ಲಿ ಶತ್ರು ಚಳಿ, ಇಲ್ಲಿ ಬಿಸಿಲು, ನ್ಯಾಯವೊಂದೇ. ನಮ್ಮಲ್ಲಿಯೂ 2018 ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ‘ಇಕೋ ನಿವಾಸ ಸಂಹಿತೆ’ಯು ಛಾವಣಿಯಿಂದಿಳಿಯುವ ಶಾಖಕ್ಕೆ ಮಿತಿಯನ್ನು ಹೇಳಿತು. ಆದರೆ ಅದು 500 ಚದರ ಮೀಟರಿಗೆ ಕಡಿಮೆಯಿಲ್ಲದ ನಿವೇಶನಗಳ ಮೇಲಿನ ಕಟ್ಟಡಗಳಿಗಾಗಿ ಹುಟ್ಟಿದ್ದು. ಬೀಳಗಿಯ ಓಣಿಯ ಎರಡು ಖೋಲಿಗಳವರೆಗೆ ಅದರ ಕೈ ಚಾಚಲಿಲ್ಲ.

ಕಾಯಿದೆ ಬರುವವರೆಗೆ ಕರಾರುಪತ್ರವಾದರೂ ಇರುವದಷ್ಟೆ. ಅದರಲ್ಲಿ ಬಾಡಿಗೆ, ಠೇವು, ನೀರು ದೀಪಗಳ ಮಾತಿರುವದು. ಇನ್ನೊಂದು ಸಾಲು ಸೇರಲಿ: ಪ್ರತಿವರ್ಷ ಯುಗಾದಿಗೆ ಮುಂಚೆ ಮಾಲಕನು ಮಾಳಿಗೆಗೆ ಬಿಳಿ ಸುಣ್ಣ ಬಳಿಸತಕ್ಕದ್ದು. ಬಿಳುಪು ಬಿಸಿಲನ್ನು ಹಿಂದಕ್ಕಟ್ಟುವದು, ವೆಚ್ಚವೂ ಅಲ್ಪ. ಅದೂ ಹೊರೆಯೆನಿಸಿದರೆ, ಮಾಲಕನು ವೈಶಾಖದ ಒಂದು ರಾತ್ರಿ ತಾನು ಕಟ್ಟಿಸಿದ ಖೋಲಿಯಲ್ಲಿ ಮಲಗಿ ನೋಡಲಿ. ಬೆಳಗಾಗುವದರೊಳಗೆ ಸುಣ್ಣದ ಗಡಿಗೆ ಸಿದ್ಧವಾದೀತು.