ಗೀಸರಿನ ಮೇಲೆ ಗುಮಾನಿ

ಬೆಂಗಳೂರಿನ ಮನೆಯೊಂದರಲ್ಲಿ ಬೆಳಗ್ಗೆ ಬಿಸಿನೀರಿನ ನಲ್ಲಿ ತಿರುಗಿಸಿದಾಗ ಬಕೆಟ್ಟಿಗೆ ತೆಳು ಚಹಾದಂಥ ನೀರು ಬಿತ್ತೆಂದರೆ, ಮೊದಲ ಗುಮಾನಿ ಗೀಸರಿನ ಮೇಲೆಯೇ. ‘ಹಳೇದಾಯ್ತು, ಒಳಗೆಲ್ಲ ತುಕ್ಕು’ ಎಂದು ಯಜಮಾನರು ತೀರ್ಪು ಕೊಡುತ್ತಾರೆ. ಅಷ್ಟರಲ್ಲಿ ಮಗ ಮೊಬೈಲಿನಲ್ಲಿ ಹೊಸದರ ಬೆಲೆ ನೋಡುತ್ತಿರುತ್ತಾನೆ. ಪಕ್ಕದಲ್ಲೇ ಇರುವ ತಣ್ಣೀರಿನ ನಲ್ಲಿಯನ್ನು ಮಾತ್ರ ಯಾರೂ ತಿರುಗಿಸುವುದಿಲ್ಲ.

ಅರ್ಧ ಪತ್ತೇದಾರಿ ಇರುವುದೇ ಆ ನಲ್ಲಿಯಲ್ಲಿ. ಎರಡರಲ್ಲೂ ಕೆಂಪು ನೀರು ಬಂದರೆ ಸಂಪು, ಮೇಲಿನ ಟ್ಯಾಂಕು, ಬೋರ್‌ವೆಲ್ಲುಗಳನ್ನು ವಿಚಾರಿಸಬೇಕು. ಮನೆಯ ಒಂದೇ ನಲ್ಲಿಯಲ್ಲಿ ಬಂದರೆ ಆ ನಲ್ಲಿಗೆ ಹೋಗುವ ಹಳೆಯ ಜಿ.ಐ. ಪೈಪನ್ನು. ಮೊದಲ ಚೊಂಬು ಮಾತ್ರ ಕೆಂಪಾಗಿದ್ದು ಆಮೇಲೆ ತಿಳಿಯಾದರೆ ಅದು ರಾತ್ರಿಯಿಡೀ ಪೈಪಿನಲ್ಲಿ ನಿಂತಿದ್ದ ನೀರು. ಬಿಸಿನೀರಿನ ನಲ್ಲಿಯಲ್ಲಿ ಮಾತ್ರ, ಅದೂ ಬಕೆಟ್ ತುಂಬುವವರೆಗೂ ಬಣ್ಣ ಬರುತ್ತಿದ್ದರೆ ಆಗ ಗೀಸರಿನ ಕಡೆ ತಿರುಗಬಹುದು. ನೋಡುವುದು ಬಿಳಿ ಬಕೆಟ್ಟಿನಲ್ಲಾಗಬೇಕು. ನೀಲಿ ಪ್ಲಾಸ್ಟಿಕ್ ಬಕೆಟ್ಟು ಎಲ್ಲವನ್ನೂ ಮುಚ್ಚಿಡುತ್ತದೆ.

ಆಗಲೂ ಆತುರ ಸಲ್ಲದು. ನೆಲದಾಳದಲ್ಲಿ ಗಾಳಿಯ ಸೋಂಕಿಲ್ಲದ ಕಡೆ ಕಬ್ಬಿಣ ನೀರಿನಲ್ಲಿ ಕರಗಿಯೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೇಲೆ ಬಂದು ಗಾಳಿ ತಾಗಿದ ಮೇಲೆ ತುಕ್ಕಾಗಿ ಕೆಂಪು ತೋರಿಸುತ್ತದೆ, ಕಾಯಿಸಿದರೆ ಇನ್ನೂ ಬೇಗ. ಹೀಗಾಗಿ ತಣ್ಣೀರು ತಿಳಿ, ಬಿಸಿನೀರು ಕೆಂಪು ಎಂಬ ಸಾಕ್ಷ್ಯವೂ ಒಮ್ಮೊಮ್ಮೆ ಸುಳ್ಳಾಗುತ್ತದೆ. ಬೋರ್ ನೀರನ್ನು ಬಕೆಟ್ಟಿನಲ್ಲಿ ಹಿಡಿದು ರಾತ್ರಿಯೆಲ್ಲ ತೆರೆದಿಟ್ಟು, ಬೆಳಗ್ಗೆ ತಳದಲ್ಲಿ ಕೆಂಪು ಗಸಿ ಕಂಡರೆ ಗೀಸರ್ ನಿರಪರಾಧಿ. ಹಾಲು ಹಾಕದ ಚಹಾವನ್ನು ಅದೇ ನೀರಿಗೆ ಬೆರೆಸಿ ನೋಡುವುದೂ ಉಂಟು: ಕಬ್ಬಿಣ ಹೆಚ್ಚಿದ್ದರೆ ಚಹಾದ ಒಗರು ಅದರೊಡನೆ ಸೇರಿ ನೀರು ಕಪ್ಪಿಡುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದಿಂದ ಮಸಿ ಮಾಡುತ್ತಿದ್ದ ಕಾಲದ ರಸಾಯನಶಾಸ್ತ್ರವೂ ಇದೇ.

ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ತಂದ ಕಾವೇರಿ ಒಂದು ದಿನ, ಬೋರ್ ನೀರು ಮರುದಿನ, ನಡುವೆ ಟ್ಯಾಂಕರು. ಮೂರೂ ಸಂಪಿನಲ್ಲಿ ಕೂಡುತ್ತವೆ. ಬೀದಿಯ ಪೈಪಿನಲ್ಲಿ ನೀರು ನಿಂತು ಮತ್ತೆ ಬಂದಾಗ ಒಳಗೆ ಕೂತಿದ್ದ ಮಣ್ಣೂ ತುಕ್ಕೂ ಎದ್ದು ಬರುತ್ತವೆ. ‘ನಿನ್ನೆ ಯಾವ ನೀರು ಬಿಟ್ಟಿದ್ರಿ?’ ಎಂದು ಕೇಳದ ಪ್ಲಂಬರನನ್ನು ಅಷ್ಟಾಗಿ ನಂಬಬಾರದು.

ನೀರು ಬೆಳ್ಳಗಿದ್ದರೆ ಗಾಜಿನ ಲೋಟವೊಂದು ಸಾಕು. ತಳದಿಂದ ಮೇಲಕ್ಕೆ ತಿಳಿಯಾದರೆ ಅದು ಬರೀ ಗಾಳಿ. ಬಿಳಿ ಚಕ್ಕೆಗಳು ತಳಕ್ಕೆ ಇಳಿದು ಕೂತರೆ ಗಡಸು ನೀರಿನ ಸುಣ್ಣ; ಮೇಲೆ ನಿಂಬೆರಸ ಬಿಟ್ಟರೆ ನೊರೆಯೇಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಿಗೆ. ಬಚ್ಚಲ ಬಿಳಿ ಟೈಲಿನ ಮೇಲೆ ನೀಲಿ-ಹಸಿರು ಕಲೆಯಾದರೆ ನೀರಿನ ಹುಳಿಗುಣಕ್ಕೆ ತಾಮ್ರದ ಕೊಳವೆ ಸವೆಯುತ್ತಿದೆ ಎಂದರ್ಥ. ಮಲೆನಾಡಿನವರು ತಾಮ್ರದ ಹಂಡೆಯ ಕಿಲುಬಿನಲ್ಲಿ ನೋಡಿದ ಬಣ್ಣವೇ ಅದು.

ನಿಜಕ್ಕೂ ಗೀಸರಿನದೇ ತಪ್ಪಾಗಿದ್ದರೆ? ಉಕ್ಕಿನ ತೊಟ್ಟಿಯ ಗೀಸರುಗಳಲ್ಲಿ ಸಾಮಾನ್ಯವಾಗಿ ಮೆಗ್ನೀಸಿಯಮ್ಮಿನ ಒಂದು ಸರಳು ಇರುತ್ತದೆ, ಆನೋಡ್ ರಾಡ್. ತೊಟ್ಟಿ ತುಕ್ಕು ಹಿಡಿಯುವ ಬದಲು ತಾನು ಸವೆಯುವುದೇ ಅದರ ಕೆಲಸ. 1824ರಲ್ಲಿ ರಸಾಯನವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ಯುದ್ಧನೌಕೆಗಳ ತಾಮ್ರದ ಹೊದಿಕೆಗೆ ಕಬ್ಬಿಣ, ಸತುವಿನ ತುಂಡುಗಳನ್ನು ತಾಗಿಸಿ ಇದೇ ಉಪಾಯ ಹೂಡಿದ. ತಾಮ್ರವೇನೋ ಉಳಿಯಿತು. ಆದರೆ ಅದು ಕರಗಿ ಬಿಡುತ್ತಿದ್ದ ವಿಷ ನಿಂತದ್ದರಿಂದ ಹಡಗಿನ ತಳಕ್ಕೆ ಚಿಪ್ಪುಪ್ರಾಣಿಗಳು ಮೆತ್ತಿಕೊಂಡು ವೇಗ ಕುಗ್ಗಿತು, ನೌಕಾಪಡೆ ಉಪಾಯವನ್ನೇ ಕೈಬಿಟ್ಟಿತು. ಗೀಸರಿನ ಸರಳಿಗೂ ಅಂಥದೊಂದು ಅಡ್ಡಪರಿಣಾಮವಿದೆ: ಕೆಲವು ನೀರಿನಲ್ಲಿ ಅದು ಬ್ಯಾಕ್ಟೀರಿಯಾಗಳಿಗೆ ಒತ್ತಾಸೆಯಾಗಿ ಕೊಳೆತ ಮೊಟ್ಟೆಯ ವಾಸನೆ ಹುಟ್ಟಿಸುತ್ತದೆ. ವಾಸನೆಗೆ ಬೇಸತ್ತು ಸರಳನ್ನೇ ಕಿತ್ತೆಸೆಯುವವರಿದ್ದಾರೆ. ಆಮೇಲೆ ತುಕ್ಕಿನ ಸರದಿ ತೊಟ್ಟಿಯದು.

ಸರಳು ತಂತಿಯಷ್ಟಾಗಿದ್ದರೆ ಬದಲಿಸಬೇಕು, ಕರೆಂಟು ತೆಗೆದು ತೊಟ್ಟಿಯ ತಳದ ಗಸಿ ಖಾಲಿ ಮಾಡಿಸಬೇಕು. ಟೈಲಿನ ತುಕ್ಕಿನ ಕಲೆಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಅದು ಇನ್ನಷ್ಟು ಕಚ್ಚಿಕೊಳ್ಳುತ್ತದೆ; ಹುಣಸೆಹಣ್ಣು, ನಿಂಬೆಯೇ ವಾಸಿ. ಇಷ್ಟಾದ ಮೇಲೂ ಬಿಸಿನೀರು ಕೆಂಪಾಗಿಯೇ ಬಂದರೆ ಯಜಮಾನರ ತೀರ್ಪು ಸರಿ, ಹೊಸದು ಕೊಳ್ಳಬಹುದು. ಕೊಳ್ಳುವಾಗ ಬದಲಿ ಸರಳಿನ ಬೆಲೆಯನ್ನೂ ಕೇಳಬೇಕು, ಅಂಥದೊಂದು ಒಳಗಿರುವುದು ಅಂಗಡಿಯವನಿಗೆ ಗೊತ್ತಿದ್ದರೆ.