ಅವ್ವನೊಡನೆ ಮೈಸೂರಿಗೆ

ಕಳೆದ ಶರತ್ಕಾಲದಲ್ಲಿ, ದಸರೆಯ ಗದ್ದಲ ಮುಗಿದ ಮೇಲೆ, ಅವ್ವನನ್ನು ಚಾಮರಾಜನಗರದಿಂದ ರೈಲಿನಲ್ಲಿ ಮೈಸೂರಿಗೆ ಕರೆದೊಯ್ದೆ. ನಂಜನಗೂಡಿನ ಬಳಿ ಕಪಿಲೆಗೆ ಕೈ ಮುಗಿದಳು. ದೇವರಾಜ ಮಾರುಕಟ್ಟೆಯಲ್ಲಿ ರಸಬಾಳೆಯ ಬೆಲೆ ಕೇಳಿ ಹೌಹಾರಿದಳು. ಹೋಟೆಲಿನ ಮಸಾಲೆದೋಸೆ ಮಾತ್ರ ಅವಳಿಗೆ ಹಿಡಿಸಿತು. “ಅಕ್ಕಿ ಚೆಂದಾಗಿ ನೆಂದದ” ಎಂಬುದೇ ಅವಳ ವಿಮರ್ಶೆ!

1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆ 1915ರಿಂದ ಚಿತ್ರಶಾಲೆಯಾಗಿದೆ. ಅಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವೊಂದಿದೆ. ರವಿವರ್ಮನದೆಂದು ಎಷ್ಟೋ ಮಂದಿ ನಂಬಿರುವ ಅದು ವಾಸ್ತವವಾಗಿ ಎಸ್. ಎಲ್. ಹಲ್ದಂಕರ್ ಅವರ ಜಲವರ್ಣ ಚಿತ್ರ. ಕುಡಿಗೆ ಅಂಗೈ ಅಡ್ಡವಾಗಿದೆ. ಬೆರಳುಗಳೇ ಕೆಂಪಗೆ ಬೆಳಗುತ್ತವೆ. ಬಿ.ಎ. ತರಗತಿಯ ಗತ್ತಿನಿಂದ ನಾನು ಇದನ್ನೆಲ್ಲ ವಿವರಿಸುತ್ತಿದ್ದೆ. ಅಕ್ಷರವರಿಯದ ಅವ್ವ ಕಿವಿಗೊಡಲಿಲ್ಲ.

“ಅಂಗೈ ಸುಡ್ತದ ಕಣ್ ಮಗ ಅವಳ್ಗ. ತಗುದ್ರ ಗಾಳಿಗ ಆರೋಯ್ತದ” ಎಂದಳು. ಕಾಲು ಗಂಟೆ ಅಲ್ಲಿಂದ ಕದಲಲಿಲ್ಲ. ನನಗೆ ಮಾತೇ ಉಳಿಯಲಿಲ್ಲ.

ಸಂಜೆ ಕರ್ಜನ್ ಪಾರ್ಕಿನ ಹುಲ್ಲಿನ ಮೇಲೆ ಕುಳಿತೆವು. ಕಂಡವರ ಹೊಲದಲ್ಲಿ ಕಳೆ ಕಿತ್ತು ನನ್ನ ಪರೀಕ್ಷೆಯ ಶುಲ್ಕ ಕಟ್ಟಿದ ಕೈ ಸುಮ್ಮನಿರುವುದುಂಟೆ? ಅಲ್ಲಿಯೂ ಕಳೆ ಕೀಳತೊಡಗಿತು. ಮಾಲಿ ದೂರದಿಂದಲೇ ನಕ್ಕ.

“ಓದು ಮುಗುದ್ಮೇಲ ಏನ್ ಮಾಡೀಯ ಮಗ?”

ಎಂ.ಎ. ಓದುವ ಆಸೆ ನಾಲಗೆಯ ತುದಿಗೆ ಬಂದು ನಿಂತಿತು.

“ನೋಡ್ಮ ಕಣವ್ವ” ಎಂದೆ.

ಅವಳು ಇನ್ನೊಂದು ಕಳೆ ಕಿತ್ತು ಪಕ್ಕಕ್ಕಿಟ್ಟಳು.